ಬೀಜದ ದೋಷ ಯಾರ ಪಾಪ?

ಕೊಲಂಬಿಯ ದೇಶದ ಆಂಟಿಯೋಕಿಯಾ ಪ್ರಾಂತದ ಬೆಟ್ಟಸೀಮೆಯಲ್ಲಿ ಕೆಲವು ಮನೆತನಗಳಿವೆ. ನಲವತ್ತು ದಾಟುತ್ತಲೇ ಮರೆವಿಗೆ ಬಿದ್ದು ಅರವತ್ತರೊಳಗೆ ಸಾಯುವುದು ಅಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಮೊದಲು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ, ಆಮೇಲೆ ಹುಟ್ಟಿ ಬೆಳೆದ ಊರಿನಲ್ಲೇ ದಾರಿ ತಪ್ಪುತ್ತಾರೆ, ಕೊನೆಗೆ ಹೆತ್ತ ಮಕ್ಕಳ ಗುರುತೂ ಹತ್ತದೆ ಹಾಸಿಗೆ ಹಿಡಿಯುತ್ತಾರೆ. ಊರವರು ಈ ಕಾಯಿಲೆಯನ್ನು ‘ಲಾ ಬೊಬೆರಾ’ ಎಂದು ಕರೆಯುತ್ತಾರೆ, ಬುದ್ಧಿಗೇಡಿತನ ಎಂಬರ್ಥದಲ್ಲಿ. 1980ರ ದಶಕದ ಮೊದಲ ವರ್ಷಗಳಲ್ಲಿ ಮೆಡೆಯಿನ್ ನಗರದ ನರವೈದ್ಯ ಫ್ರಾನ್ಸಿಸ್ಕೊ ಲೊಪೆರಾ ಇಂಥ ಒಬ್ಬ ರೋಗಿಯನ್ನು ಪರೀಕ್ಷಿಸಿದರು. ಆತನಿಗೆ ಇನ್ನೂ ಐವತ್ತಾಗಿರಲಿಲ್ಲ. ತಂದೆಗೂ ಅಜ್ಜನಿಗೂ ಹೀಗೇ ಆಗಿತ್ತೆಂದು ತಿಳಿದ ಲೊಪೆರಾ ಮತ್ತು ಅವರ ಸಂಗಡಿಗರು ಹಳ್ಳಿಹಳ್ಳಿಗೆ ಹೋದರು. ಚರ್ಚುಗಳಲ್ಲಿ ಶತಮಾನಗಳಿಂದ ಬರೆದಿಟ್ಟಿದ್ದ ದೀಕ್ಷಾಸ್ನಾನ, ಮದುವೆ, ಮರಣಗಳ ದಾಖಲೆಗಳನ್ನು ತಿರುವಿ ಹಾಕಿ ವಂಶವೃಕ್ಷಗಳನ್ನು ಬರೆದರು. ಬಿಡಿಬಿಡಿಯಾಗಿ ಕಂಡಿದ್ದ ಮನೆತನಗಳು ಒಂದೇ ಬುಡಕ್ಕೆ ಹೋಗಿ ಸೇರಿದವು. ಸುಮಾರು 6,000 ಜನರ ಆ ಬಳಗದಲ್ಲಿ 1,200ರಷ್ಟು ಮಂದಿ ರೋಗದ ವಂಶವಾಹಿಯನ್ನು ಹೊತ್ತವರು.

ಇದು ಆಲ್ಝೈಮರ್ ರೋಗದ ಅಪರೂಪದ ಬಗೆ. ಸಾಮಾನ್ಯವಾಗಿ ಕಾಣುವ ಆಲ್ಝೈಮರ್ ಅರವತ್ತೈದು ದಾಟಿದ ಮೇಲೆ, ಹಲವು ಕಾರಣಗಳು ಕೂಡಿ ಬರುವಂಥದ್ದು. ಅಲ್ಲಿ ವಂಶವಾಹಿಯ ಪಾತ್ರವಿದ್ದರೂ ಅದು ಅಪಾಯವನ್ನು ಹೆಚ್ಚಿಸುತ್ತದೆಯೇ ಹೊರತು ರೋಗವನ್ನು ಖಚಿತಗೊಳಿಸುವುದಿಲ್ಲ. ನಡುವಯಸ್ಸಿನಲ್ಲೇ ಬರುವ ವಂಶಪಾರಂಪರ್ಯದ ಬಗೆ ಒಟ್ಟು ಆಲ್ಝೈಮರ್ ರೋಗಿಗಳಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ ಕಾಣುತ್ತದೆ. ಇದರ ಹಿಂದೆ ಮೂರು ವಂಶವಾಹಿಗಳಿವೆ. 21ನೇ ವರ್ಣತಂತುವಿನ ಮೇಲಿನ ಎಪಿಪಿ 1991ರಲ್ಲಿ ಗೊತ್ತಾಯಿತು. 14ನೆಯದರ ಮೇಲಿನ ಪ್ರಿಸೆನಿಲಿನ್-1 ಮತ್ತು 1ನೆಯದರ ಮೇಲಿನ ಪ್ರಿಸೆನಿಲಿನ್-2 ಎರಡೂ 1995ರಲ್ಲಿ ಪತ್ತೆಯಾದವು. ಆಂಟಿಯೋಕಿಯಾದ ಮನೆತನಗಳಲ್ಲಿ ಕೆಟ್ಟಿರುವುದು ಪ್ರಿಸೆನಿಲಿನ್-1. ಅದರ ಡಿಎನ್‌ಎ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾಗಿ (ಇಂಥ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು), ತಯಾರಾಗುವ ಪ್ರೋಟೀನಿನ 280ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ಅಲನೀನ್ ಬಂದು ಕೂತಿದೆ. ಈ ಪ್ರೋಟೀನು, ಎಪಿಪಿ ವಂಶವಾಹಿಯಿಂದ ತಯಾರಾಗುವ ಪ್ರೋಟೀನನ್ನು ತುಂಡರಿಸುವ ಕತ್ತರಿಯ ಅಲಗು. ಅಲಗು ಕೆಟ್ಟಾಗ ತುಂಡುಗಳ ಅಳತೆ ತಪ್ಪುತ್ತದೆ, ಅಂಟಿಕೊಳ್ಳುವ ಗುಣದ ಅಮಿಲಾಯ್ಡ್ ತುಣುಕುಗಳು ಮಿದುಳಿನಲ್ಲಿ ಗಂಟುಕಟ್ಟುತ್ತವೆ, ಟೌ ಎಂಬ ಇನ್ನೊಂದು ಪ್ರೋಟೀನು ನರಕೋಶಗಳ ಒಳಗೆ ಸಿಕ್ಕಾಗುತ್ತದೆ, ಕೋಶಗಳು ಸಾಯುತ್ತವೆ. ಕೆಟ್ಟ ಪ್ರತಿಯನ್ನು ಹೊತ್ತವರಲ್ಲಿ ಮರೆವಿನ ಮೊದಲ ಲಕ್ಷಣ ಸರಾಸರಿ 44ನೇ ವಯಸ್ಸಿಗೆ ಕಾಣುತ್ತದೆ, 49ರ ಹೊತ್ತಿಗೆ ಮರೆಗುಳಿತನ (ಡಿಮೆನ್ಶಿಯ) ಕವಿಯುತ್ತದೆ. ತಂದೆ ಅಥವಾ ತಾಯಿ, ಒಬ್ಬರಲ್ಲಿ ಇದ್ದರೆ ಸಾಕು. ಪ್ರತಿ ಮಗುವಿಗೂ ಅದು ಬರುವ ಸಂಭವ ಎರಡಕ್ಕೊಂದು.

ವಿಜ್ಞಾನ ಈ ಕಾರಣವನ್ನು ಹೇಳುವ ಮೊದಲೇ ಆ ಊರುಗಳು ತಮ್ಮದೊಂದು ಕಾರಣ ಹುಡುಕಿಕೊಂಡಿದ್ದವು. ಚರ್ಚಿನ ಕಾಣಿಕೆಯ ದುಡ್ಡು ಕದ್ದವನ ವಂಶಕ್ಕೆ ಪಾದ್ರಿ ಶಾಪ ಹಾಕಿದ ಎಂದು ಕೆಲವರು ನಂಬಿದ್ದರು. ಮುಟ್ಟಬಾರದ ಮರ ಮುಟ್ಟಿದ್ದರ ಫಲ ಎಂದರು ಕೆಲವರು, ಮಾಟ ಎಂದರು ಇನ್ನು ಕೆಲವರು. ಕನ್ನಡ ನಾಡಿನ ಓದುಗರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮೂರು ತಲೆಮಾರು ಒಂದೇ ಕಾಯಿಲೆಗೆ ತುತ್ತಾದ ಮನೆಯವರು ಜಾತಕ ಹಿಡಿದು ಹೊರಟರೆ ಪಿತೃಶಾಪವೋ ಸರ್ಪದೋಷವೋ ದೈವದ ಮುನಿಸೋ, ಒಂದಲ್ಲ ಒಂದು ಉತ್ತರ ಸಿಕ್ಕೇ ಸಿಗುತ್ತದೆ. ಮುಪ್ಪಿನ ಮರೆವಿಗೆ ‘ಅರವತ್ತಕ್ಕೆ ಅರಳು ಮರಳು’ ಎಂಬ ಸಮಾಧಾನವಾದರೂ ಉಂಟು. ನಲವತ್ತನಾಲ್ಕಕ್ಕೆ ಬಂದ ಮರೆವಿಗೆ ಆ ಮಾತು ಒದಗುವುದಿಲ್ಲ. ಪಾಪದ ಲೆಕ್ಕ ಶುರುವಾಗುವುದು ಆಗಲೇ. ಕಾಯಿಲೆಯ ಜೊತೆಗೆ ಮನೆತನಕ್ಕೆ ಕಳಂಕವೂ ಅಂಟುತ್ತದೆ, ಹೆಣ್ಣು ಕೊಡುವವರೂ ತರುವವರೂ ಹಿಂದೆಗೆಯುತ್ತಾರೆ, ಮನೆಯವರು ರೋಗಿಯನ್ನು ಒಳಕೋಣೆಯಲ್ಲಿ ಬಚ್ಚಿಡುತ್ತಾರೆ.

ತಂದೆಯ ತಪ್ಪನ್ನು ಮಗ ಹೊರಬೇಕೇ ಎಂಬ ಬಗ್ಗೆ ಆಂಟಿಯೋಕಿಯಾದ ಜನ ಓದುವ ಬೈಬಲಿನಲ್ಲೇ ಎರಡು ಮಾತಿದೆ. ವಿಮೋಚನಕಾಂಡದ 20ನೇ ಅಧ್ಯಾಯದ ಪ್ರಕಾರ ತಂದೆಗಳ ದೋಷದ ಫಲ ಮೂರು ನಾಲ್ಕು ತಲೆಮಾರುಗಳಿಗೂ ತಟ್ಟುತ್ತದೆ. ಯೆಹೆಜ್ಕೇಲನ ಗ್ರಂಥದ 18ನೇ ಅಧ್ಯಾಯ ಇದನ್ನು ಒಪ್ಪುವುದಿಲ್ಲ. ಮಗ ತಂದೆಯ ದೋಷವನ್ನು ಹೊರುವುದಿಲ್ಲ ಎಂದು ಅದು ಖಡಾಖಂಡಿತವಾಗಿ ಸಾರುತ್ತದೆ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಕೇಳುತ್ತಾರೆ. ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ. ಪಾದ್ರಿಯ ಶಾಪದ ಕಥೆ ನಂಬಿದವರು ತಮ್ಮದೇ ಧರ್ಮಗ್ರಂಥದ ಈ ಮಾತನ್ನು ದಾಟಿಕೊಂಡು ಹೋಗಬೇಕಾಗಿತ್ತು.

ಭಾರತದ ಕರ್ಮಸಿದ್ಧಾಂತದಲ್ಲೂ ಪಿತೃಶಾಪಕ್ಕೆ ಗಟ್ಟಿ ನೆಲೆಯಿಲ್ಲ. ಮಾಡಿದ ಕರ್ಮದ ಫಲ ನಾಶವಾಗುವುದಿಲ್ಲ, ಮಾಡದ ಕರ್ಮದ ಫಲ ಬಂದು ಮೆತ್ತಿಕೊಳ್ಳುವುದಿಲ್ಲ ಎಂಬುದು ಆ ಸಿದ್ಧಾಂತದ ತಳಹದಿ. ಅಜ್ಜನ ಪಾಪಕ್ಕೆ ಮೊಮ್ಮಗ ನರಳುತ್ತಾನೆ ಎಂದರೆ ಆ ತಳಹದಿಯೇ ಕುಸಿಯುತ್ತದೆ. ಆದರೆ ಕರ್ಮವಾದಿಗೆ ಇನ್ನೊಂದು ದಾರಿಯಿದೆ. ಮೊಮ್ಮಗ ಅನುಭವಿಸುವುದು ಅಜ್ಜನ ಪಾಪವನ್ನಲ್ಲ, ತನ್ನದೇ ಹಿಂದಿನ ಜನ್ಮದ ಕರ್ಮವನ್ನು. ಅದಕ್ಕೆಂದೇ ಅಂಥ ಮನೆತನದಲ್ಲಿ ಹುಟ್ಟಿದ್ದಾನೆ ಎಂದು ಅವನು ಹೇಳಬಹುದು. ಈ ವಾದವನ್ನು ಯಾವ ಪ್ರಯೋಗಾಲಯವೂ ಸುಳ್ಳೆಂದು ತೋರಿಸಲಾರದು, ನಿಜವೆಂದೂ ತೋರಿಸಲಾರದು. ತೋರಿಸಬಹುದಾದದ್ದು ಇಷ್ಟು: ಬೀಜಕೋಶಗಳು ಹುಟ್ಟುವಾಗ ಹದಿನಾಲ್ಕನೇ ವರ್ಣತಂತುವಿನ ಎರಡು ಪ್ರತಿಗಳಲ್ಲಿ ಒಂದು ಒಂದು ಕೋಶಕ್ಕೆ, ಇನ್ನೊಂದು ಇನ್ನೊಂದು ಕೋಶಕ್ಕೆ ಹೋಗುತ್ತದೆ. ತಂದೆ ಕುಡುಕನೋ ಸಂತನೋ, ತಾಯಿ ಹರಕೆ ತೀರಿಸಿದಳೋ ಬಿಟ್ಟಳೋ, ಹಂಚಿಕೆ ಬದಲಾಗುವುದಿಲ್ಲ. ಒಂದೇ ಒಲೆಯ ಅನ್ನ ಉಂಡು ಬೆಳೆದ ಅಣ್ಣನಿಗೆ ಬಂದದ್ದು ತಮ್ಮನಿಗೆ ಬಾರದೆ ಇರಬಹುದು. ನಡತೆ ನೋಡಿ ಯಾರಲ್ಲಿದೆ ಎಂದು ಊಹಿಸಲು ಬರುವುದಿಲ್ಲ. ಹಾಗಿರುವಾಗ ರೋಗ ನೋಡಿ ನಡತೆಯನ್ನು ಊಹಿಸುವುದೂ ಸಲ್ಲದು. ಕರ್ಮ ಇದೆಯೆಂದು ನಂಬುವವನಿಗೂ ಇನ್ನೊಬ್ಬನ ಕರ್ಮದ ಲೆಕ್ಕಪುಸ್ತಕ ಓದುವ ಅಧಿಕಾರವಿಲ್ಲ. ದುಃಖಕ್ಕೆ ಕಾರಣ ಹುಡುಕುವುದು ಒಂದು ಕೆಲಸ, ದುಃಖಿಯನ್ನು ಅಪರಾಧಿ ಮಾಡುವುದು ಬೇರೆಯೇ ಕೆಲಸ. ಧರ್ಮದ ಹೆಸರಿನಲ್ಲಿ ಎರಡನೆಯದೇ ಹೆಚ್ಚು ನಡೆದಿದೆ.

ಹಳೆಯ ವೈದ್ಯರಿಗೆ ಈ ವ್ಯತ್ಯಾಸ ತಿಳಿಯದೆ ಇರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಪ್ರಮೇಹವನ್ನು ವಿವರಿಸುವಾಗ, ಹೆತ್ತವರಿಂದ ಹುಟ್ಟಿನಿಂದಲೇ ಬಂದದ್ದು ಬೀಜದೋಷದಿಂದ ಆದದ್ದು, ಆದ್ದರಿಂದ ವಾಸಿಯಾಗದು ಎನ್ನುತ್ತದೆ. ಕುಲದಲ್ಲಿ ಹರಿದುಬರುವ ಬೇರೆ ವಿಕಾರಗಳನ್ನೂ ಅದೇ ಸಾಲಿಗೆ ಸೇರಿಸುತ್ತದೆ. ಅದೇ ಸಂಹಿತೆ ಬೇರೆಡೆ ಪೂರ್ವಜನ್ಮದ ಕರ್ಮದಿಂದ ಬರುವ ರೋಗಗಳನ್ನೂ ಒಪ್ಪುತ್ತದೆ ನಿಜ. ಆದರೆ ಕುಲದ ಕಾಯಿಲೆಯ ಮುಂದೆ ನಿಂತಾಗ ಅದು ಹೆಸರಿಸುವುದು ಬೀಜವನ್ನು, ಶಾಪವನ್ನಲ್ಲ. ಗುಣವಾಗದು ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಆ ಮಾತಿನಲ್ಲಿದೆ.

ಗುಣವಾಗದು, ಬಂದೇ ಬರುತ್ತದೆ ಎಂದ ಮೇಲೆ ಮನುಷ್ಯನ ಪ್ರಯತ್ನಕ್ಕೆ ಬೆಲೆಯೇನು? ದೈವ ದೊಡ್ಡದೋ ಪುರುಷಕಾರ ದೊಡ್ಡದೋ ಎಂಬ ಚರ್ಚೆ ಮಹಾಭಾರತದ ಅನುಶಾಸನಪರ್ವದಲ್ಲಿ ಬರುತ್ತದೆ. ಬೀಜ ಒಂದು, ಹೊಲ ಒಂದು, ಎರಡೂ ಕೂಡದೆ ಬೆಳೆಯಿಲ್ಲ ಎಂಬುದು ಅಲ್ಲಿನ ನಿಲುವು. ಚರಕಸಂಹಿತೆಯ ವಿಮಾನಸ್ಥಾನವೂ ಆಯುಸ್ಸು ಪೂರ್ತಿ ನಿಗದಿಯಾಗಿಲ್ಲ, ದುರ್ಬಲವಾದ ದೈವವನ್ನು ಬಲವಾದ ಪ್ರಯತ್ನ ಮೀರಬಲ್ಲದು, ಬಲವಾದ ದೈವ ಪ್ರಯತ್ನವನ್ನು ಮೆಟ್ಟಿಹಾಕುತ್ತದೆ ಎಂದು ತೂಗಿ ಹೇಳುತ್ತದೆ. ಆಂಟಿಯೋಕಿಯಾದ ಉತ್ಪರಿವರ್ತನೆ ಈ ತಕ್ಕಡಿಯಲ್ಲಿ ಬಲವಾದ ದೈವದ ಕಡೆಗೇ ತೂಗುತ್ತದೆ. ಹೊತ್ತವರಲ್ಲಿ ಬಹುತೇಕ ಯಾರೂ ತಪ್ಪಿಸಿಕೊಂಡಿಲ್ಲ.

ಆದರೂ ತಪ್ಪಿಸಿಕೊಂಡವರೊಬ್ಬರು ಸಿಕ್ಕರು. ಅಲಿರಿಯಾ ರೋಸಾ ಪಿಯೆದ್ರಾಯ್ತಾ ಎಂಬ ಮಹಿಳೆ ಉತ್ಪರಿವರ್ತನೆ ಹೊತ್ತಿದ್ದೂ ನಲವತ್ತು, ಐವತ್ತು, ಅರವತ್ತು ದಾಟಿ ಎಪ್ಪತ್ತರವರೆಗೆ ನೆಟ್ಟಗಿದ್ದರು. ಮಿದುಳಿನ ಚಿತ್ರ ತೆಗೆದಾಗ ಅಮಿಲಾಯ್ಡ್ ಬೇಕಾದಷ್ಟಿತ್ತು, ಟೌ ಮಾತ್ರ ತೀರ ಕಡಿಮೆಯಿತ್ತು. ಎಪಿಒಇ ವಂಶವಾಹಿಯಲ್ಲಿ ‘ಕ್ರೈಸ್ಟ್‌ಚರ್ಚ್’ ಎಂದು ಕರೆಯುವ ಅಪರೂಪದ ಬದಲಾವಣೆ ತಂದೆತಾಯಿ ಇಬ್ಬರಿಂದಲೂ ಅವರಿಗೆ ಬಂದಿತ್ತೆಂದು 2019ರಲ್ಲಿ ಪ್ರಕಟವಾಯಿತು. ಅದರ ಒಂದೇ ಪ್ರತಿ ಇದ್ದ 27 ಬಂಧುಗಳಲ್ಲಿ ರೋಗದ ಆರಂಭ ಐದು ವರ್ಷದಷ್ಟು ಮುಂದೆ ಹೋಗಿತ್ತೆಂದು 2024ರ ಅಧ್ಯಯನ ಹೇಳಿತು. ಔಷಧ ಹುಡುಕುವವರಿಗೆ ಇದು ದೊಡ್ಡ ಸುಳಿವು. ತತ್ತ್ವದ ದೃಷ್ಟಿಯಿಂದಲೂ ಇಲ್ಲೊಂದು ಎಚ್ಚರಿಕೆಯಿದೆ. ಅಲಿರಿಯಾ ಉಳಿದದ್ದು ಪುಣ್ಯದಿಂದ, ಗಟ್ಟಿ ಮನಸ್ಸಿನಿಂದ, ಪ್ರಾರ್ಥನೆಯಿಂದ ಎನ್ನುವುದು ಸುಲಭ. ಹಾಗೆಂದೊಡನೆ ನಲವತ್ತೈದಕ್ಕೇ ಕುಸಿದ ಅವರ ಬಂಧುಗಳಿಗೆ ಪುಣ್ಯ ಸಾಲಲಿಲ್ಲ ಎಂದಂತಾಗುತ್ತದೆ. ಕೆಟ್ಟ ಅಕ್ಷರ ಬಂದ ದಾರಿಯಲ್ಲೇ ಕಾಯುವ ಅಕ್ಷರವೂ ಬಂತು. ಬಿದ್ದವರಲ್ಲಿ ಪಾಪವಿಲ್ಲವೆಂದರೆ ಉಳಿದವರಲ್ಲಿ ವಿಶೇಷ ಯೋಗ್ಯತೆಯೂ ಇಲ್ಲ.

ಪುರುಷಕಾರ ನಿಜವಾಗಿ ಕಾಣುವುದು ಬೇರೆ ಕಡೆ. ಮಾದಕವಸ್ತುವಿನ ಗುಂಪುಗಳು ಮತ್ತು ಬಂಡುಕೋರರ ಕಾಳಗದ ನಡುವೆ ಆ ಬೆಟ್ಟದ ಹಾದಿಗಳಲ್ಲಿ ಓಡಾಡಿದ ವೈದ್ಯರಲ್ಲಿ, ದಾದಿಯರಲ್ಲಿ. ಸತ್ತ ತಂದೆಯ, ಅಕ್ಕನ ಮಿದುಳನ್ನು ಸಂಶೋಧನೆಗೆ ಕೊಡಲು ಒಪ್ಪಿದ ಮನೆಯವರಲ್ಲಿ. ಅಲಿರಿಯಾ 2020ರಲ್ಲಿ ತೀರಿಕೊಂಡಾಗ ಅವರ ಮಿದುಳೂ ಸಂಶೋಧನೆಗೇ ಹೋಯಿತು.

ನೆನಪು ಹೋದ ಮೇಲೆ ಉಳಿಯುವವರು ಯಾರು ಎಂಬುದು ಇದಕ್ಕಿಂತ ಆಳದ ಪ್ರಶ್ನೆ. ಇಂಗ್ಲೆಂಡಿನ ಜಾನ್ ಲಾಕ್ 1694ರಲ್ಲಿ ವ್ಯಕ್ತಿಯ ಏಕತೆಯನ್ನು ಪ್ರಜ್ಞೆಯ ಮೇಲೆ, ಹಿಂದೆ ಮಾಡಿದ್ದನ್ನು ತಾನೇ ಮಾಡಿದ್ದೆಂದು ನೆನೆಯಬಲ್ಲ ಶಕ್ತಿಯ ಮೇಲೆ ನಿಲ್ಲಿಸಿದ. ಆ ಅಳತೆ ಹಿಡಿದರೆ ಮಗಳ ಹೆಸರು ಮರೆತ ತಾಯಿ ಈಗ ಆ ತಾಯಿಯಲ್ಲ. ಅಂಥ ತೀರ್ಮಾನಕ್ಕೆ ಕೊಂಡೊಯ್ಯುವ ಅಳತೆಯಲ್ಲೇ ಏನೋ ಕೊರತೆಯಿದೆ. ಭಗವದ್ಗೀತೆಯ ಎರಡನೇ ಅಧ್ಯಾಯವೂ ಸ್ಮೃತಿ ಕೆಟ್ಟರೆ ಬುದ್ಧಿ ನಾಶ, ಬುದ್ಧಿ ನಾಶವಾದರೆ ಮನುಷ್ಯನ ನಾಶ ಎಂಬ ಸರಪಣಿಯನ್ನು ಹೇಳುತ್ತದೆಯಲ್ಲ ಎನ್ನಬಹುದು. ಆ ಸರಪಣಿ ವಿಷಯದ ಚಿಂತನೆಯಿಂದ ಹೊರಟು ಆಸೆ, ಕೋಪಗಳ ಮೂಲಕ ಬಂದದ್ದು. ಅಲ್ಲಿ ಕೆಡುವುದು ವಿವೇಕದ ನೆನಪು, ಮಿದುಳಿನ ಕೋಶಗಳಲ್ಲ. ರೋಗಿಯ ಮೇಲೆ ಆ ಶ್ಲೋಕವನ್ನು ಹೊರಿಸುವುದು ಅನ್ಯಾಯ.

ಭಾರತೀಯ ದರ್ಶನಗಳಲ್ಲಿ ಲಾಕ್‌ನ ಮಾತಿಗೆ ಹತ್ತಿರ ಬರುವ ವಾದವಿದೆ. ನಿನ್ನೆ ಕಂಡವನೇ ಇಂದು ನೆನೆಯುತ್ತಾನೆ, ಆದ್ದರಿಂದ ಕ್ಷಣಕ್ಷಣಕ್ಕೆ ಬದಲಾಗದ ಆತ್ಮವೊಂದು ಇರಲೇಬೇಕು ಎಂದು ಬ್ರಹ್ಮಸೂತ್ರವೂ ಅದರ ಮೇಲಿನ ಶಂಕರಭಾಷ್ಯವೂ ಬೌದ್ಧರ ಎದುರು ವಾದಿಸುತ್ತವೆ. ಆದರೆ ಇಲ್ಲಿ ನೆನಪು ಆತ್ಮಕ್ಕೆ ಸಾಕ್ಷ್ಯ ಮಾತ್ರ. ಆತ್ಮವೆಂದರೆ ನೆನಪೇ ಎಂದು ಯಾರೂ ಹೇಳಲಿಲ್ಲ. ಸಾಕ್ಷ್ಯ ಅಳಿಸಿಹೋದರೆ ವಸ್ತು ಅಳಿಯುವುದಿಲ್ಲ. ಯೋಗಸೂತ್ರದಲ್ಲಿ ಸ್ಮೃತಿ ಐದು ಚಿತ್ತವೃತ್ತಿಗಳಲ್ಲಿ ಒಂದು, ಪುರುಷನಿಗೆ, ಅಂದರೆ ಆತ್ಮಕ್ಕೆ, ಸೇರಿದ್ದಲ್ಲ. ಅದ್ವೈತಕ್ಕೆ ಅದು ಅಂತಃಕರಣದ ಕೆಲಸ. ಉಡುಪಿಯ ಮಧ್ವಾಚಾರ್ಯರ ಪರಂಪರೆ ನೆನಪನ್ನು ಪ್ರಮಾಣವೆಂದೇ ಮನ್ನಿಸಿದರೂ ಅದರ ಸಾಧನ ಮನಸ್ಸು ಎಂದು ಹೇಳಿ, ಜೀವನ ಸ್ವರೂಪಕ್ಕೆ ಸೇರಿದ ಸಾಕ್ಷಿಯನ್ನು ಬೇರೆಯಾಗಿಯೇ ಇಡುತ್ತದೆ. ಮನಸ್ಸೆಂಬ ಉಪಕರಣ ಕೆಟ್ಟಿತೆಂದು ಜೀವನೇ ಇಲ್ಲವಾದನೆಂದು ಹೇಳಲು ಈ ಯಾವ ದರ್ಶನದಲ್ಲೂ ಎಡೆಯಿಲ್ಲ. ಆತ್ಮವನ್ನೇ ಒಪ್ಪದ ಬೌದ್ಧರಿಗಂತೂ ಎಲ್ಲರೂ ಹರಿಯುವ ಪ್ರವಾಹಗಳೇ. ಹಾಗಿದ್ದೂ ಕರುಣೆ ತಪ್ಪದು, ಏಕೆಂದರೆ ಅಲ್ಲಿ ಕರುಣೆ ಹುಟ್ಟುವುದು ದುಃಖವನ್ನು ಕಂಡು.

ಇವೆಲ್ಲಕ್ಕಿಂತ ರೋಗಿಯ ಮಗ್ಗುಲಲ್ಲಿ ಕೂತವರಿಗೆ ಹೆಚ್ಚು ಒದಗಿಬರುವುದು ನ್ಯಾಯಸೂತ್ರದ ಒಂದು ಪಟ್ಟಿ. ಆತ್ಮವಿದೆಯೆಂದು ಗುರುತಿಸಲು ಅದು ಆರು ಕುರುಹುಗಳನ್ನು ಹೇಳುತ್ತದೆ: ಇಚ್ಛೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನ. ಕಾಯಿಲೆ ಬಲಿತವರನ್ನು ಹತ್ತಿರದಿಂದ ನೋಡಿದವರಿಗೆ ಈ ಆರರಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುತ್ತವೆ. ಬೇಡದ ತುತ್ತು ಬಾಯಿಗೆ ಬಂದಾಗ ತುಟಿ ಬಿಗಿದು ಮುಖ ತಿರುಗಿಸುತ್ತಾರೆ. ಚಳಿಯಾದರೆ ಹೊದಿಕೆಗಾಗಿ ಕೈ ತಡಕಾಡುತ್ತಾರೆ. ಎಳವೆಯಲ್ಲಿ ಕೇಳಿದ ಹಾಡು ಕಿವಿಗೆ ಬಿದ್ದರೆ ಬೆರಳು ತಾಳ ಹಾಕುತ್ತದೆ, ಜೋರು ದನಿ ಕೇಳಿದರೆ ಮೈ ಬೆದರುತ್ತದೆ. ಹೆಸರು ಹೇಳಲಾರದವರು ಮೆತ್ತಗಿನ ಕೈಯನ್ನೂ ಒರಟು ಕೈಯನ್ನೂ ಬೇರೆ ಮಾಡಿ ತಿಳಿಯಬಲ್ಲರು. ಇದು ಬರೀ ದೇಹ ಎಂದು ಹೇಳುವುದಕ್ಕೆ ನೋಡದೆ ಇರಬೇಕು. ಸ್ಕಾಟ್ಲೆಂಡಿನ ಧರ್ಮಶಾಸ್ತ್ರಜ್ಞ ಜಾನ್ ಸ್ವಿಂಟನ್ 2012ರ ತಮ್ಮ ಗ್ರಂಥದಲ್ಲಿ, ಮನುಷ್ಯ ತನ್ನನ್ನು ಮರೆತರೂ ದೇವರ ನೆನಪಿನಲ್ಲಿ ಉಳಿಯುತ್ತಾನೆ ಎಂಬ ನಿಲುವಿಗೆ ಬಂದರು. ದೇವರನ್ನು ನಂಬದವರಿಗೂ ಇದರಲ್ಲಿ ಒಂದು ಕೆಲಸ ಸಿಗುತ್ತದೆ. ರೋಗಿಗೆ ತನ್ನ ಕಥೆ ಮರೆತಿದ್ದರೆ ಆ ಕಥೆಯನ್ನು ಬಲ್ಲವರು ಅದನ್ನು ಹಿಡಿದಿಟ್ಟುಕೊಂಡು ಅವನೊಡನೆ ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕು.

ರೋಗ ಬರುವ ಮುಂಚಿನ ಪ್ರಶ್ನೆ ತಿಳಿವಿನದು. ಇಂಥ ಕುಟುಂಬಗಳಲ್ಲಿ ನಿರೀಕ್ಷಿತ ವಯಸ್ಸಿಗಿಂತ ಎರಡು ದಶಕ ಮೊದಲೇ ದೇಹದ್ರವಗಳಲ್ಲಿ ಬದಲಾವಣೆ ಶುರುವಾಗುತ್ತದೆ ಎಂದು 2012ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು. ಇಪ್ಪತ್ತರ ಹರೆಯದಲ್ಲಿ ರಕ್ತ ಕೊಟ್ಟರೆ ನಲವತ್ತರ ಭವಿಷ್ಯ ತಿಳಿಯುತ್ತದೆ. ತಿಳಿದುಕೊಳ್ಳಲೇಬೇಕೇ? ಜ್ಞಾನಕ್ಕೆ ಸಮನಾದದ್ದು ಇಲ್ಲ ಎಂದು ಕಲಿತವರಿಗೆ ‘ಹೌದು’ ಎನ್ನುವುದು ಸಹಜ. ಆದರೆ ತಡೆಯಲಾಗದ ಕೇಡಿನ ತಾರೀಖು ತಿಳಿಯುವುದು ಎಲ್ಲರಿಗೂ ಬಿಡುಗಡೆಯಲ್ಲ. ನಾಟಿಂಗ್‌ಹ್ಯಾಮ್‌ನ ಕ್ಯಾರಲ್ ಜೆನಿಂಗ್ಸ್ ತಂದೆ ಮತ್ತು ಅವರ ಒಡಹುಟ್ಟಿದವರ ಕಾಯಿಲೆಯ ಬಗ್ಗೆ ಲಂಡನ್ನಿನ ಸಂಶೋಧಕರಿಗೆ ಕಾಗದ ಬರೆದವರು. ಎಪಿಪಿಯ ಉತ್ಪರಿವರ್ತನೆ ಮೊದಲು ಸಿಕ್ಕಿದ್ದು ಅವರ ಕುಟುಂಬದಲ್ಲಿ. ಅದನ್ನು ಹುಡುಕಲು ನೆರವಾದ ಅವರೇ ತಮ್ಮಲ್ಲಿದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಮುಂದೆ ಅದೇ ಕಾಯಿಲೆ ಬಂದು 2024ರಲ್ಲಿ ತೀರಿಕೊಂಡರು. ವಿಜ್ಞಾನಕ್ಕೆ ಬಾಗಿಲು ತೆರೆದು ತನ್ನ ಭವಿಷ್ಯದ ಬಾಗಿಲನ್ನು ಮುಚ್ಚಿಟ್ಟದ್ದರಲ್ಲಿ ವಿರೋಧವಿಲ್ಲ. ಮೊದಲನೆಯದು ಎಲ್ಲರಿಗಾಗಿ, ಎರಡನೆಯದು ತನ್ನ ಉಳಿದ ದಿನಗಳಿಗಾಗಿ.

ತಿಳಿಯದಿರುವ ಹಕ್ಕನ್ನು ಕಾಪಾಡುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಆಂಟಿಯೋಕಿಯಾದಲ್ಲಿ ನಡೆದ ಔಷಧ ಪರೀಕ್ಷೆಯೇ ಸಾಕ್ಷಿ. 2013ರಲ್ಲಿ ಶುರುವಾದ ಆ ಪರೀಕ್ಷೆಗೆ ಸೇರಿದ 252 ಮಂದಿಯಲ್ಲಿ ಮೂರನೇ ಒಂದು ಭಾಗದವರು ಉತ್ಪರಿವರ್ತನೆ ಇಲ್ಲದವರು. ಅವರಿಗೆ ಕೊಟ್ಟದ್ದು ಔಷಧವಿಲ್ಲದ ಚುಚ್ಚುಮದ್ದು. ಹೊತ್ತವರನ್ನು ಮಾತ್ರ ಸೇರಿಸಿದ್ದರೆ, ಕರೆ ಬಂದದ್ದರಿಂದಲೇ ಗುಟ್ಟು ರಟ್ಟಾಗುತ್ತಿತ್ತು. ತಮ್ಮಲ್ಲಿದೆಯೋ ಇಲ್ಲವೋ ತಿಳಿಯದೆ ಅವರೆಲ್ಲ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡರು. 2022ರಲ್ಲಿ ಬಂದ ಫಲಿತಾಂಶ ಆಶಾದಾಯಕವಾಗಿರಲಿಲ್ಲ. ಪರೀಕ್ಷಿಸಿದ ಔಷಧ ಕ್ರೆನೆಜುಮ್ಯಾಬ್ ರೋಗವನ್ನು ತಡೆಯಲಿಲ್ಲ. ತನಗೆ ಬಾರದ ಕಾಯಿಲೆಗಾಗಿ, ಅಣ್ಣತಮ್ಮಂದಿರ ಗುಟ್ಟು ಕಾಯಲು ತೋಳು ಒಡ್ಡಿದವರ ಕೆಲಸಕ್ಕೆ ಧರ್ಮ ಎಂಬ ಹೆಸರು ಸಲ್ಲುತ್ತದೆ.

ಮಕ್ಕಳ ವಿಚಾರ ಇನ್ನೂ ಕಠಿಣ. ಅಮೆರಿಕದಲ್ಲಿ ಎಪಿಪಿಯ ಉತ್ಪರಿವರ್ತನೆ ಹೊತ್ತ ಮೂವತ್ತು ವರ್ಷದ ಮಹಿಳೆಯೊಬ್ಬರು ದೇಹದ ಹೊರಗೆ ಭ್ರೂಣಗಳನ್ನು ಬೆಳೆಸಿ, ಪರೀಕ್ಷಿಸಿ, ಉತ್ಪರಿವರ್ತನೆ ಇಲ್ಲದ್ದನ್ನು ಆರಿಸಿಕೊಂಡು ಮಗುವನ್ನು ಹೆತ್ತರೆಂದು 2002ರಲ್ಲಿ ವರದಿಯಾಯಿತು. ಮಗುವಿಗೆ ರೋಗ ತಪ್ಪಿತು ನಿಜ, ಆದರೆ ಹತ್ತು ವರ್ಷದೊಳಗೆ ತಾಯಿಯೇ ಅದನ್ನು ಗುರುತಿಸಲಾರದೆ ಹೋಗಬಹುದಲ್ಲ ಎಂದು ಆಕ್ಷೇಪ ಬಂತು. ಕ್ಯಾಥೊಲಿಕ್ ಚರ್ಚ್ 1987ರ ತನ್ನ ಬೋಧನೆಯಲ್ಲೇ ದೇಹದ ಹೊರಗಿನ ಗರ್ಭಧಾರಣೆಯನ್ನು ಒಪ್ಪಿರಲಿಲ್ಲ. ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ: ನಲವತ್ತೈದು ವರ್ಷ ಚೆನ್ನಾಗಿ ಬಾಳುವ ಜೀವ ಹುಟ್ಟದಿರುವುದೇ ಮೇಲೇ? ಆಂಟಿಯೋಕಿಯಾದ ಆ ಬಳಗದ ಯಾರೂ ತಮ್ಮ ತಂದೆತಾಯಿ ಹುಟ್ಟಬಾರದಿತ್ತು ಎಂದು ಹೇಳಬೇಕಾಗಿಲ್ಲ. ತಮ್ಮ ಮಗುವಿಗೆ ಅದೇ ಕಷ್ಟ ಬಾರದಿರಲಿ ಎಂದು ಬಯಸುವುದೂ ತಪ್ಪಲ್ಲ. ಹೆರುವುದು, ಹೆರದಿರುವುದು, ಆರಿಸಿ ಹೆರುವುದು ಆ ದಂಪತಿಗೆ ಬಿಟ್ಟದ್ದು. ಊರಿಗಾಗಲಿ ಮಠಕ್ಕಾಗಲಿ ಅದರಲ್ಲಿ ತೀರ್ಪು ಕೊಡುವ ಪಾಲಿಲ್ಲ.

ಊರಿಗೆ, ಮಠಕ್ಕೆ, ಸರ್ಕಾರಕ್ಕೆ ಇರುವುದು ಬೇರೆ ಹೊಣೆ. ವಂಶವಾಹಿಯ ಕಾರಣಕ್ಕೆ ಆರೋಗ್ಯವಿಮೆ ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಅಮೆರಿಕದಲ್ಲಿ 2008ರ ಕಾನೂನು ಆರೋಗ್ಯವಿಮೆಗೆ ರಕ್ಷಣೆ ಕೊಟ್ಟಿದ್ದರೂ ಜೀವವಿಮೆಯನ್ನು ಹೊರಗಿಟ್ಟಿದೆ. ಪ್ರಾಯಕ್ಕೆ ಬಾರದ ಮಕ್ಕಳಿಗೆ ಇಂಥ ರೋಗದ ವಂಶವಾಹಿ ಪರೀಕ್ಷೆ ಮಾಡಬಾರದು ಎಂಬುದು ವೈದ್ಯರು ಸಾಮಾನ್ಯವಾಗಿ ಪಾಲಿಸುವ ನಿಯಮ. ಮದುವೆಯ ಮಾತುಕತೆಯಲ್ಲಿ ರಕ್ತದ ವರದಿ ಕೇಳುವ ಹಿರಿಯರಿಗೂ ಆ ನಿಯಮದ ಹಿಂದಿನ ನ್ಯಾಯ ತಿಳಿದಿರಬೇಕು: ಆ ತಿಳಿವು ಯಾರ ದೇಹದ್ದೋ ಅವರಿಗೇ ಸೇರಿದ್ದು.

ಮನೆಯಲ್ಲಿ ಎರಡು ಮೂರು ತಲೆಮಾರಿನವರು ಅರವತ್ತರೊಳಗೆ ಮರೆವಿಗೆ ಬಿದ್ದಿದ್ದರೆ ಮೊದಲು ನರರೋಗ ತಜ್ಞರನ್ನು ಕಾಣಬೇಕು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಂಥ ಗುಣವಾಗುವ ಕಾರಣಗಳಿಂದಲೂ ಮರೆವು ಬರುತ್ತದೆ; ಅವುಗಳನ್ನು ನೋಡದೆ ವಂಶದ ಕಾಯಿಲೆ ಎಂದು ತೀರ್ಮಾನಿಸಬಾರದು. ವಂಶವಾಹಿ ಪರೀಕ್ಷೆಯ ಮಾತು ಬಂದರೆ ರಕ್ತ ಕೊಡುವ ಮೊದಲೇ ಸಮಾಲೋಚಕರೊಡನೆ ಕೂತು ಮಾತಾಡಬೇಕು. ರಕ್ತ ಕೊಟ್ಟ ಮೇಲೂ ಫಲಿತಾಂಶ ಬೇಡ ಎಂದು ಎದ್ದುಬರುವ ಹಕ್ಕು ಪ್ರತಿಯೊಬ್ಬರಿಗೂ ಇದೆ.